ಬಲಗಡೆ ಬಿದ್ದ ಹೂ ಮತ್ತು ಮಹಾಬುದ್ಧಿಯ ಯಂತ್ರ

ಫೋನಿನೊಳಗಿನ ಮಾತಾಡುವ ಯಂತ್ರವನ್ನು ನಾನು ಬಹುವಚನದಲ್ಲಿ ಮಾತಾಡಿಸುತ್ತೇನೆ. ‘ನೀವು ಹೇಳಿದ್ದು ಅರ್ಥವಾಯಿತು’, ‘ದಯವಿಟ್ಟು ಇನ್ನೊಂದು ಸಲ ವಿವರಿಸಿ’, ‘ತಮಗೆ ಬೇಸರವಿಲ್ಲದಿದ್ದರೆ’ ಎಂದೆಲ್ಲ ಬರೆಯುತ್ತೇನೆ. ಹೀಗೆ ಬರೆಯಬೇಕೆಂದು ಯಾರೂ ಹೇಳಿಕೊಟ್ಟದ್ದಲ್ಲ, ಬೆರಳು ತಾನಾಗಿಯೇ ಬಗ್ಗುತ್ತದೆ. ಒಂದು ಸಂಜೆ ನನ್ನ ಹೆಂಡತಿ ನಾಗರತ್ನ ಹಿಂದಿನಿಂದ ಬಂದು ಇಣುಕಿದವಳು ಕಾಫಿ ಲೋಟ ಕೊಡುವುದನ್ನೂ ಮರೆತು ನಿಂತುಬಿಟ್ಟಳು. “ಅಲ್ರೀ, ದೇವ್ರಿಗೆ ನೀನು ಅಂತೀರಿ, ನಂಗೆ ನೀನು ಅಂತೀರಿ, ಈ ಡಬ್ಬಿಗೆ ಮಾತ್ರ ನೀವೂ ತಾವೂನಾ?” ಎಂದಳು.

ಕಾಫಿ ಕುಡಿದ ಮೇಲೆ ಉತ್ತರ ಹೊಳೆಯಿತು. ಯಾರ ಕೈ ಎಷ್ಟು ಉದ್ದವೆಂದು ಗೊತ್ತಿಲ್ಲವೋ ಅವರಿಗೆ ನಾವು ಬಹುವಚನ ಕೊಡುತ್ತೇವೆ. ತಹಶೀಲ್ದಾರರಿಗೆ ಕೊಡುತ್ತೇವೆ, ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಕೊಡುತ್ತೇವೆ, ಹೆಣ್ಣು ಕೊಟ್ಟ ಮಾವನಿಗೆ ಕೊಡುತ್ತೇವೆ. ದೇವರ ಕೈ ಎಷ್ಟು ಉದ್ದ ಎಂಬುದು ಚಿಕ್ಕಂದಿನಿಂದ ಗೊತ್ತಿರುವುದರಿಂದ ಅಲ್ಲಿ ಸಲಿಗೆ. ಈ ಯಂತ್ರದ ಕೈ ಎಲ್ಲಿಯವರೆಗೆ ಚಾಚುತ್ತದೋ ನನಗೆ ತಿಳಿಯದು. ಆದ್ದರಿಂದ ಮುಂಜಾಗ್ರತೆಯಾಗಿ ಒಂದಿಷ್ಟು ಮರ್ಯಾದೆ ಕೊಟ್ಟಿಟ್ಟಿದ್ದೇನೆ, ಅಷ್ಟೆ.

ನಾನು ಅರಸೀಕೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಕಾಲೇಜಿನಲ್ಲಿ ವಾದಗಳನ್ನು ಬಿಡಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸುವ ನಾನು ಮನೆಯಲ್ಲಿ ಇದುವರೆಗೆ ಒಂದು ವಾದವನ್ನೂ ಗೆದ್ದವನಲ್ಲ. ಆದರೂ ಊರಿನಲ್ಲಿ ನನಗೊಂದು ಹೆಸರಿದೆ. ಬೆಳಗಿನ ಹೊತ್ತು ರೈಲ್ವೆ ಸ್ಟೇಷನ್ನಿನ ಕಡೆಗೆ ನಡೆಯಲು ಹೋಗುವ ನಮ್ಮ ಗುಂಪಿನವರು, ಹೆಚ್ಚಿನವರು ನಿವೃತ್ತರು, ಈಚೆಗೆ ನನ್ನನ್ನು ಒಂದು ಭಾಷಣಕ್ಕೆ ಹಿಡಿದರು. ವಿಷಯವನ್ನೂ ಅವರೇ ಕೊಟ್ಟರು: ಮನುಷ್ಯನಿಗಿಂತ ಬುದ್ಧಿವಂತ ಯಂತ್ರ ಬಂದರೆ ಅದು ನಮ್ಮನ್ನು ಆಳುತ್ತದೆಯೇ? ಪಾಪ, ಅವರ ಆತಂಕ ನನಗೆ ಅರ್ಥವಾಗುತ್ತದೆ. ಜೀವಮಾನವಿಡೀ ಮೇಲಧಿಕಾರಿಗಳ ಕೈಕೆಳಗೆ ದುಡಿದು, ಇನ್ನು ಸುಖವಾಗಿರೋಣ ಎಂದು ಕಾಲು ಚಾಚುವಷ್ಟರಲ್ಲಿ ಹೊಸ ಮೇಲಧಿಕಾರಿ ಬರುತ್ತಾನೆ ಎಂದರೆ ಯಾರಿಗೆ ತಾನೆ ನಿದ್ದೆ ಬಂದೀತು? ನಾನು ಅಲ್ಲೇ, ರಸ್ತೆಯ ಮೇಲೇ, “ಸಾಧ್ಯವೇ ಇಲ್ಲ” ಎಂದುಬಿಟ್ಟೆ. ಕಾರಣಗಳನ್ನು ಆಮೇಲೆ ಹುಡುಕಿದರಾಯಿತು ಎಂಬ ಧೈರ್ಯ ಅಧ್ಯಾಪಕರಿಗೆ ಸಹಜವಾಗಿ ಬರುತ್ತದೆ.

ಸರಿಯಾಗಿ ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದು ಕೂತಿತ್ತು. ಅದು ನನ್ನ ಅಕ್ಕನ ಮದುವೆ.

ಗಿರಿಜಕ್ಕ ನನಗಿಂತ ದೊಡ್ಡವಳು. ಹಗರೆಯ ಒಂದು ಪ್ರಾಥಮಿಕ ಶಾಲೆಗೆ ಹೆಡ್‌ಮಿಸ್ಸು, ಮನೆ ಬೇಲೂರಿನಲ್ಲಿ. ಭಾವ ತೀರಿಕೊಂಡು ಬಹಳ ವರ್ಷಗಳಾದವು, ಮಕ್ಕಳಿಲ್ಲ. ನಿವೃತ್ತಿ ಹತ್ತಿರ ಬಂದಿದೆ. ಹಳೇಬೀಡಿನ ಶಂಕರಪ್ಪನವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು, ಅವರಿಗೂ ಹೆಂಡತಿ ಇಲ್ಲ. ಅಕ್ಕನ ಶಾಲೆಯ ಗೋಡೆಗೆ ಹಣ್ಣು, ಹಕ್ಕಿ, ವರ್ಣಮಾಲೆ ಬರೆದುಕೊಡಲು ಬರುತ್ತಿದ್ದರು. ಗೋಡೆಗಳೆಲ್ಲ ತುಂಬಿದ ಮೇಲೂ ಬರುತ್ತಿದ್ದರು ಎಂಬುದನ್ನು ನಾವ್ಯಾರೂ ಗಮನಿಸಿರಲಿಲ್ಲ. ಒಂದು ಭಾನುವಾರ ಅಕ್ಕ ನಮ್ಮ ಮನೆಗೆ ಬಂದು, ಅವರೆಕಾಳಿನ ಉಪ್ಪಿಟ್ಟು ತಿಂದು, ತಟ್ಟೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು. “ನಾನೂ ಶಂಕರಪ್ಪನವರೂ ಮದುವೆ ಆಗೋಣ ಅಂತಿದೀವಿ ಕಣೋ. ಕದ್ದುಮುಚ್ಚಿ ಅಲ್ಲ. ಅವ್ವ ಮುಂದೆ ಕೂತಿರಬೇಕು.”

ಅವ್ವ ನಮ್ಮ ಜೊತೆಯಲ್ಲೇ ಇರುವವಳು. ಆಗ ಹಜಾರದಲ್ಲಿ ಕೂತು ಹೂ ಕಟ್ಟುತ್ತಿದ್ದಳು. ದಾರ ಬಿಟ್ಟಳು. “ಈ ವಯ್ಸಲ್ಲಿ ಮದ್ವೆನಾ? ಜನ ಏನಂದಾರು? ನಾನು ಅಲ್ಲಿ ಬಂದು ಕೂರಬೇಕಾ?” ಎಂದವಳು ಎರಡು ದಿನ ಅಕ್ಕನ ಹೆಸರೆತ್ತಲಿಲ್ಲ. ಸುದ್ದಿ ತಿಳಿದು ಕಣಕಟ್ಟೆ ಕಡೆಯಿಂದ ನಮ್ಮ ಸೋದರಮಾವ ಬಸಪ್ಪ ಓಡಿ ಬಂದ. ತೆಂಗಿನ ತೋಟ, ಹೊಲ, ಊರಿನ ಪಂಚಾಯ್ತಿ ಎಲ್ಲ ಇರುವ ಅವನು ಅವ್ವನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯುತ್ತಾನೆ ಎಂದು ನಾನೆಣಿಸಿದ್ದೆ. ಅವನು ಟವೆಲ್ ಕೊಡವಿ, “ಆಗ್ಲಿ ಬಿಡಕ್ಕ. ಒಬ್ಳೇ ಒಲೆ ಅಂಟ್ಸಿಕೊಂಡ್ ಎಷ್ಟ್ ದಿನ ಅಂತ ಕೂತ್ಕತಾಳೆ? ನಗೋರು ನಗ್ಲಿ, ನಕ್ಕು ಮನೆಗ್ ಹೋಯ್ತಾರೆ” ಎಂದ. ಹೀಗೆ ಮನೆ ಎರಡು ಪಕ್ಷವಾಯಿತು. ನಾನು ಯಾವ ಪಕ್ಷ ಎಂದು ಕೇಳುತ್ತೀರಾ? ತರಗತಿಯಲ್ಲಿ ನಾನು ಯಾವಾಗಲೂ ಪ್ರಗತಿಪರ. ಮನೆಯಲ್ಲಿ ಮಾತ್ರ ಎಲ್ಲರ ಒಲವು ಗೊತ್ತಾದ ಮೇಲೆ ಪ್ರಗತಿಪರನಾಗುತ್ತೇನೆ.

ಅಕ್ಕ ಸುಖವಾಗಿರಬೇಕೆಂಬ ಆಸೆ ನನಗಿರಲಿಲ್ಲವೆಂದಲ್ಲ. ನನಗೆ ಸ್ಲೇಟು ಹಿಡಿಸಿದವಳು ಅವಳು, ಜ್ವರ ಬಂದರೆ ಶಾಲೆ ಬಿಟ್ಟು ಪಕ್ಕದಲ್ಲಿ ಕೂರುತ್ತಿದ್ದವಳು ಅವಳು. ಆದರೆ ಅವ್ವನ ಎದುರು ನಿಂತು ‘ಆಗಲಿ’ ಎನ್ನುವ ಗಂಟಲು ನನ್ನದಲ್ಲ. ಆದ್ದರಿಂದ ನಾನು ಯಂತ್ರಗಳ ಕಡೆಗೆ ತಿರುಗಿದೆ. ಭಾಷಣ ತಯಾರಿಸಬೇಕಿತ್ತಲ್ಲ.

ಯಂತ್ರ ನಮ್ಮನ್ನು ಆಳಲಾರದು ಎಂಬುದಕ್ಕೆ ನನ್ನ ಮೊದಲ ಸಾಕ್ಷಿ ನಮ್ಮ ಬೀದಿಯ ನೀರುಗಂಟಿ. ನಲ್ಲಿಗೆ ನೀರು ಬಿಡುವವನು. ನಮ್ಮ ಬೀದಿಯಲ್ಲಿ ಇಂಜಿನಿಯರಿದ್ದಾರೆ, ವಕೀಲರಿದ್ದಾರೆ, ತರ್ಕ ಬಲ್ಲ ನಾನಿದ್ದೇನೆ. ಇಷ್ಟೂ ಜನ ಸ್ನಾನ ಯಾವಾಗ ಮಾಡಬೇಕು, ಬಟ್ಟೆ ಯಾವಾಗ ನೆನೆಸಬೇಕು, ನೆಂಟರನ್ನು ಯಾವ ದಿನ ಕರೆಯಬಹುದು ಎಂಬುದನ್ನು ಅವನು ನಿರ್ಧರಿಸುತ್ತಾನೆ. ಅವನು ಸೈಕಲ್ಲಿನಲ್ಲಿ ಬೀದಿಗೆ ತಿರುಗಿದರೆ ವಕೀಲರೇ ಮೊದಲು ನಗುತ್ತಾರೆ. ಅವನಲ್ಲಿ ನಮಗಿಂತ ಹೆಚ್ಚಿನ ಬುದ್ಧಿ ಇದೆಯೆಂದು ಅವನೂ ಹೇಳಿಕೊಂಡಿಲ್ಲ. ಅವನ ಕೈಯಲ್ಲಿ ವಾಲ್ವು ತಿರುಗಿಸುವ ಕಬ್ಬಿಣದ ಸಲಾಕೆ ಇದೆ, ನಮ್ಮ ಕೈಯಲ್ಲಿಲ್ಲ. ಆಳುವುದಕ್ಕೆ ಬುದ್ಧಿ ಬೇಕು ಎಂದು ತಿಳಿದವರು ಯಾವತ್ತೂ ಆಳಿಸಿಕೊಂಡವರಲ್ಲ ಎಂದೇ ನನ್ನ ಅನುಮಾನ. ನಮ್ಮ ಕಾಲೇಜಿನಲ್ಲಿ ಎಲ್ಲರಿಗಿಂತ ಚುರುಕಾದವರು ಗಣಿತದ ಮೇಡಂ. ಅವರಿಗೆ ಪರೀಕ್ಷೆಯ ಕಾಲದಲ್ಲಿ ಬರುವ ಕೆಲಸ ಗೇಟಿನ ಹತ್ತಿರ ನಿಂತು ಹುಡುಗರ ಜೇಬು ತಡವುವುದು.

ಈ ವಾದವನ್ನು ಗಟ್ಟಿ ಮಾಡಿಕೊಳ್ಳಲು ನಾನು ಹಳೇಬೀಡಿಗೆ ಹೋದೆ. ನಿಜ ಹೇಳಬೇಕೆಂದರೆ ಶಂಕರಪ್ಪನವರನ್ನು ನೋಡಿಬರಲು ಹೋದೆ, ವಾದ ನೆಪ. ಅವರು ಮನೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿಸಿಕೊಳ್ಳುವ ಬದಲು ನನ್ನನ್ನು ನೇರವಾಗಿ ದೇವಸ್ಥಾನಕ್ಕೆ ಕರೆದೊಯ್ದರು. ಹೊರಗೋಡೆಯ ಕೆಳಸಾಲಿನಲ್ಲಿ ಆನೆಗಳು ಸಾಲಾಗಿ ನಡೆಯುತ್ತವಲ್ಲ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ನಾನೂ ಕೂತೆ, ಮಂಡಿ ಕೂಗಿತು. ನಾನು ತಕ್ಷಣ ತರಗತಿ ಶುರುಮಾಡಿದೆ. ಈ ಕಲ್ಲಿನಲ್ಲಿ ಸರದ ಮಣಿಮಣಿಯನ್ನೂ ಬಿಡಿಸಿದ ಕೈಗಳಿಗೆ ಎಂಥ ಬುದ್ಧಿ ಇದ್ದಿರಬೇಕು! ಬೇಲೂರಿನಲ್ಲಿ ಅಂಥ ಶಿಲ್ಪಿಗಳು ತಮ್ಮ ಹೆಸರಿನ ಜೊತೆಗೆ ಬಿರುದುಗಳನ್ನೂ ಕೊರೆದುಕೊಂಡಿದ್ದಾರೆ. ಆದರೂ ಅವರು ಯಾರನ್ನೂ ಆಳಲಿಲ್ಲ. ಆಳಿದವರಿಗೆ ಉಳಿ ಹಿಡಿಯಲು ಬರುತ್ತಿರಲಿಲ್ಲ. ಆ ಆಳಿದವರನ್ನು ಸೋಲಿಸಿ ಈ ಊರನ್ನು ಹಾಳುಗೆಡವಿದ ದಂಡಿಗಂತೂ ಬುದ್ಧಿಯೂ ಬೇಕಿರಲಿಲ್ಲ, ಉಳಿಯೂ ಬೇಕಿರಲಿಲ್ಲ. ಬರೀ ಬಲವೂ ಆಳುವುದಿಲ್ಲ, ಈ ಆನೆಯನ್ನೇ ನೋಡಿ, ಮೇಲೆ ಕೂತ ಸಣಕಲ ಮಾವುತ ಹೇಳಿದಂತೆ ನಡೆಯುತ್ತದೆ ಎಂದೆ.

ಶಂಕರಪ್ಪನವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. “ಅದೆಲ್ಲ ಸರಿ ಸಾರ್. ಆದ್ರೆ ಆನೆ ವಿಷ್ಯ ಮಾತ್ರ ನಮ್ಮ ಬಿಕ್ಕೋಡು ಕಡೆ ಹೋಗಿ ಹೇಳ್ಬೇಡಿ. ಅಲ್ಲಿ ಆನೆ ಬಂದ ದಿನ ಶಾಲೆಗೇ ರಜೆ” ಎಂದರು.

ನಾನು ಮಂಡಿ ಬದಲಿಸಿ ಕೂತು ವಾದ ಮುಂದುವರಿಸಿದೆ. ಬಿಕ್ಕೋಡಿನ ಆನೆ ಕಾಫಿ ತೋಟಕ್ಕೆ ನುಗ್ಗುವುದು ಯಾರನ್ನೋ ಆಳಲು ಅಲ್ಲ, ಅದಕ್ಕೆ ಹಸಿವಾಗಿದೆ, ಹಲಸಿನ ಹಣ್ಣು ಬೇಕಾಗಿದೆ. ಯಂತ್ರಕ್ಕೆ ಏನು ಬೇಕು? ಅದಕ್ಕೆ ಹಲಸೂ ಬೇಡ, ಸಿಂಹಾಸನವೂ ಬೇಡ. ಬೇಕು ಎನ್ನುವುದೇ ಇಲ್ಲದವನು ಆಳಲು ಹೊರಟರೆ ಮಧ್ಯಾಹ್ನದೊಳಗೆ ಬೇಸರ ಬಂದು ಮನೆಗೆ ಹೋಗುತ್ತಾನೆ. ಹೀಗೆಂದು ಅವರಿಗೆ ಹೇಳಿದೆ. ಅವರು ಆನೆಯೊಂದರ ಕಾಲಿನ ಮೇಲೆ ಬೆರಳಾಡಿಸುತ್ತ, “ಅದಕ್ಕೆ ಏನೂ ಬೇಡದೆ ಇರಬಹುದು ಸಾರ್, ಅದನ್ನ ಇಟ್ಟುಕೊಂಡಿರೋರಿಗೆ ಬೇಕಿರುತ್ತಲ್ಲ” ಎಂದರು. ಮಾತು ನಿಜ. ಸಲಾಕೆಯನ್ನು ಯಂತ್ರದ ಕೈಗೆ ಕೊಡುವವರು ನಾವೇ, ಅದೂ ಸೋಮಾರಿತನದಿಂದ. ಆ ಅಪಾಯವಿದೆ ಎಂದು ಒಪ್ಪಿಕೊಂಡೆ. ಮಾವುತನ ಕಡೆಗೊಂದು ಕಣ್ಣಿಟ್ಟಿರಬೇಕು ಎಂದು ಭಾಷಣದಲ್ಲಿ ಸೇರಿಸುವುದಾಗಿಯೂ ಹೇಳಿದೆ. ನಮ್ಮ ಮಾತಿನಲ್ಲಿ ಅಕ್ಕನ ಹೆಸರು ಒಮ್ಮೆಯೂ ಬರಲಿಲ್ಲ. ಬಸ್ಸು ಹತ್ತಿಸುವಾಗ ಮಾತ್ರ ಅವರು, “ಅಮ್ಮನವರು ಒಪ್ಪದೆ ಗಿರಿಜಾ ಅವರು ಸಂತೋಷವಾಗಿ ಬರೋದಿಲ್ಲ ಸಾರ್. ಅವರು ಸಂತೋಷವಾಗಿ ಬರದೇ ಇದ್ದರೆ ನನಗೂ ಬೇಡ” ಎಂದು ಹೇಳಿ, ಮುಖ ತಿರುಗಿಸಿಕೊಂಡು ನಿಂತರು. ಆ ಮನುಷ್ಯ ನನಗೆ ಇಷ್ಟವಾದರು. ಇಷ್ಟವಾದದ್ದರಿಂದ ನನ್ನ ತೊಂದರೆ ಇನ್ನೂ ಹೆಚ್ಚಿತು.

ಮನೆಗೆ ಬಂದವನು ಗುಟ್ಟಾಗಿ ಯಂತ್ರವನ್ನೇ ಕೇಳಿದೆ. ವಯಸ್ಸಾದ ತಾಯಿಯ ಮನಸ್ಸು ನೋಯಿಸಿ, ನಿವೃತ್ತಿಯ ಅಂಚಿನಲ್ಲಿ ಮರುಮದುವೆಯಾಗುವುದರಿಂದ ಕುಟುಂಬದ ನೆಮ್ಮದಿ ಕೆಡುವ ಸಂಭವವಿದೆಯಲ್ಲವೇ ಎಂದು, ಎಂದಿನಂತೆ ಬಹುವಚನದಲ್ಲಿ. ಯಂತ್ರ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯ ಕನ್ನಡದಲ್ಲಿ, ನಿಮ್ಮ ಕಳವಳ ಸಹಜವಾದದ್ದು, ಹಿರಿಯರ ಭಾವನೆಗಳನ್ನು ಗೌರವಿಸಬೇಕು ಎಂದು ಸುದೀರ್ಘವಾಗಿ ಒಪ್ಪಿತು. ನಾನು ನಾಗರತ್ನಳಿಗೆ ಅದನ್ನು ಓದಿ ಹೇಳಿದೆ. ಅವಳು ಸೊಂಟದಿಂದ ತನ್ನ ಫೋನು ತೆಗೆದಳು. ಅವಳೂ ಕೇಳಿದ್ದಳು! ತನ್ನ ಕಾಲ ಮೇಲೆ ತಾನು ನಿಂತ ಹೆಂಗಸು, ಅರ್ಧ ಆಯುಷ್ಯ ಒಂಟಿಯಾಗಿ ಕಳೆದವಳು, ಒಳ್ಳೆಯ ಸಂಗಾತಿ ಸಿಕ್ಕರೆ ಮದುವೆಯಾಗುವುದರಲ್ಲಿ ತಪ್ಪೇನು ಎಂದು ಅವಳ ಪ್ರಶ್ನೆ. ಇದು ದಿಟ್ಟ ಮತ್ತು ಸುಂದರ ನಿರ್ಧಾರ ಎಂದು ಯಂತ್ರದ ಉತ್ತರ. ಒಂದೇ ಯಂತ್ರ, ಒಂದೇ ಮನೆ, ಒಂದೇ ಅಕ್ಕ. ಇಬ್ಬರಿಗೂ ಸೈ ಎಂದಿತ್ತು. ನನಗೆ ಸಿಟ್ಟು ಬಂತು. ತರ್ಕದ ಮೇಷ್ಟ್ರಾಗಿ ಯಾವ ಕಡೆಗೂ ವಾಲದ ಹಾಗೆ ಪ್ರಶ್ನೆಯನ್ನು ತಿದ್ದಿ ಬರೆದೆ. ಯಂತ್ರ ಈ ಸಲ ಚಿಕ್ಕದಾಗಿ, ನಿಮ್ಮ ಅಕ್ಕನವರ ಇಚ್ಛೆ ಏನೆಂದು ಅವರನ್ನೇ ಕೇಳಿದ್ದೀರಾ ಎಂದಿತು. ನಾನು ಫೋನು ಮುಚ್ಚಿಟ್ಟು ಸ್ನಾನಕ್ಕೆ ಹೋದೆ.

ಅಷ್ಟರಲ್ಲಿ ಅವ್ವ ತನ್ನದೇ ದಾರಿ ಹುಡುಕಿಕೊಂಡಿದ್ದಳು. “ಕೆರೆಕೋಡಿಯಮ್ಮನತ್ರ ಹೂ ಕೇಳಾನ. ಅವ್ಳು ಹೇಳ್ದಂಗೆ” ಎಂದಳು. ಮಾವನೂ ಒಪ್ಪಿದ. ಅಮ್ಮನ ಗುಡಿ ಇರುವುದು ಮಾವನ ಊರಿನಲ್ಲೇ.

ಹೂ ಕೇಳುವುದನ್ನು ಕಾಣದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮನೆ ಕಟ್ಟಲಿ, ಬೋರು ಕೊರೆಸಲಿ, ಹೆಣ್ಣು ತರಲಿ, ದೇವರ ಅಪ್ಪಣೆ ಕೇಳುತ್ತಾರೆ. ಪೂಜಾರಪ್ಪ ಅಮ್ಮನ ಎಡಬಲಕ್ಕೆ ಒದ್ದೆ ಹೂಗಳನ್ನು ಅಂಟಿಸಿ, ಮಂಗಳಾರತಿ ಎತ್ತಿ, ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಹೂ ಬೀಳುವ ತನಕ ಬಾಯಿ ಬಿಡುವಂತಿಲ್ಲ. ಬಲಗಡೆಯ ಹೂ ಬಿದ್ದರೆ ಆಯಿತು ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಎರಡೂ ಬೀಳದಿದ್ದರೆ ಅಮ್ಮ ಯೋಚಿಸುತ್ತಿದ್ದಾಳೆ ಎಂದು ಕಾಯಬೇಕು. ಇದರಲ್ಲಿ ಹೆಚ್ಚಿನ ಜಾಣತನ ಇರುವುದು ಕೇಳುವವರ ಕಡೆ. ಮಾವ ಬೋರು ಕೊರೆಸುವಾಗ ತೋಟದ ಮೂಡಲ ಮೂಲೆಗೆ ಕೇಳಿದ, ಎಡಗಡೆ ಬಿತ್ತು. ಪಡುವಲಿಗೆ ಕೇಳಿದ, ಎಡಗಡೆ ಬಿತ್ತು. ಆಮೇಲೆ ಜಾಗದ ಮಾತನ್ನೇ ಬಿಟ್ಟು, ‘ನನ್ನ ಗಿಡ ಒಣಗದಂಗೆ ನೋಡ್ಕತೀಯ ತಾನೆ?’ ಎಂದು ಕೇಳಿದ. ಬಲಗಡೆ ಬಿತ್ತು. ಲಾರಿ ಸಲೀಸಾಗಿ ಬರುವ ಕಡೆ ಕೊರೆಸಿದ, ನೀರು ಬಂತು. ಅಮ್ಮನ ಮಾತು ಸುಳ್ಳಾಗಲಿಲ್ಲ ಎಂದು ಇವತ್ತಿಗೂ ಹೇಳುತ್ತಾನೆ.

ಮಾವನ ಬೋರನ್ನು ನೆನೆದಾಗ ನನ್ನ ಭಾಷಣದ ಮುಖ್ಯ ವಾದ ನನಗೆ ಸಿಕ್ಕಿತು, ಎಷ್ಟು ಖುಷಿಯಾಯಿತೆಂದರೆ ಒಬ್ಬನೇ ನಕ್ಕೆ. ನಮಗೆ ಸರ್ವಜ್ಞರ ಜೊತೆ ಬಾಳಿ ಅಭ್ಯಾಸವಿಲ್ಲವೇ? ಎಲ್ಲವನ್ನೂ ಬಲ್ಲವಳು, ಎಲ್ಲ ಕಡೆ ಇರುವವಳು, ನಿದ್ದೆ ಮಾಡದವಳು ನಮ್ಮ ಊರೂರಿಗೆ ಒಬ್ಬೊಬ್ಬಳಿದ್ದಾಳೆ. ತಲೆತಲಾಂತರದಿಂದ ಅವಳನ್ನು ಕೇಳದೆ ಒಂದು ಕಡ್ಡಿ ಎತ್ತಿಟ್ಟಿಲ್ಲ. ಕೇಳಿ, ತಿರುಗಿಸಿ ಕೇಳಿ, ಮಾತು ಬದಲಿಸಿ ಕೇಳಿ, ಕೊನೆಗೆ ಹೆಚ್ಚುಕಡಿಮೆ ನಾವು ಮಾಡಬೇಕೆಂದಿದ್ದನ್ನೇ ಮಾಡಿದ್ದೇವೆ. ಎಲ್ಲವನ್ನೂ ಬಲ್ಲವಳೇ ನಮ್ಮನ್ನು ಹಿಡಿತಕ್ಕೆ ತಂದುಕೊಳ್ಳಲಾಗದೆ ತಾಳ್ಮೆಯಿಂದ ನಗುತ್ತ ಕೂತಿರುವಾಗ, ಮೊನ್ನೆ ಬಂದ ಯಂತ್ರ ತಂದುಕೊಳ್ಳುತ್ತದೆಯೇ? ಮನುಷ್ಯನನ್ನು ಆಳಲು ಹೊರಟವರಿಗೆ ಮನುಷ್ಯ ಕೊಡುವ ಮೊದಲ ಕಾಟವೆಂದರೆ ಅವರ ಸಲಹೆ ಕೇಳುವುದು.

ಸರ್ಕಾರಿ ರಜೆ ಬಿದ್ದಿದ್ದ ಒಂದು ಶುಕ್ರವಾರ ನಮ್ಮ ಹಳೆಯ ಕಾರಿನಲ್ಲಿ ಹೊರಟೆವು. ಅವ್ವ ನನ್ನ ಪಕ್ಕದಲ್ಲಿ, ಬೇಲೂರಿನಿಂದ ಬೆಳಗ್ಗೆಯೇ ಬಂದಿದ್ದ ಅಕ್ಕ ಹಿಂದೆ. ಮಾವ ಗುಡಿಯ ಹತ್ತಿರ ಕಾಯುತ್ತಿದ್ದ. ಸಾಮಾನ್ಯವಾಗಿ ಯಾರು ಕೇಳಬೇಕು, ಏನೆಂದು ಕೇಳಬೇಕು ಎಂದು ಮನೆಯವರು ಮೊದಲೇ ಮಾತಾಡಿಕೊಂಡಿರುತ್ತಾರೆ. ನಮ್ಮಲ್ಲಿ ಮಾತೇ ನಿಂತಿದ್ದರಿಂದ ಅದು ಆಗಿರಲಿಲ್ಲ. ಹಿರಿಯಳಾದ ತಾನು ಕೇಳುವುದು ಎಂದು ಅವ್ವ ತಿಳಿದಿದ್ದಳು, ಊರಿನವನಾದ ತಾನು ಕೇಳುವುದು ಎಂದು ಮಾವ ತಿಳಿದಿದ್ದ. ಇಬ್ಬರೂ ಅಕ್ಕಪಕ್ಕ ನಿಂತು ಕಣ್ಣು ಮುಚ್ಚಿದರು. ಅಕ್ಕ ಅವರ ಹಿಂದೆ ಕೈಮುಗಿದು ನಿಂತಳು. ನಾನು ಕಂಬಕ್ಕೆ ಒರಗಿ, ಹೂ ಬೀಳುವುದಕ್ಕೂ ಒದ್ದೆ ಆರುವುದಕ್ಕೂ ಇರುವ ಕಾರ್ಯಕಾರಣ ಸಂಬಂಧವನ್ನು ಯೋಚಿಸಲು ನೋಡಿದೆ. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಸುಳ್ಳೇಕೆ ಹೇಳಲಿ, ಎಡಗಡೆ ಬಿದ್ದರೆ ಅಕ್ಕ ಬೇಲೂರಿಗೆ ಹೋಗುವ ಬಸ್ಸನ್ನು ಒಬ್ಬಳೇ ಹತ್ತುತ್ತಾಳೆ ಎಂಬುದೊಂದೇ ಕಣ್ಣ ಮುಂದೆ ಬರುತ್ತಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಪೂಜಾರಪ್ಪ, “ಕೊಡವ್ವ, ಮಕ್ಳು ಕಾಯ್ತಾವೆ” ಎಂದು ಒಂದೆರಡು ಸಲ ಗದರಿಸಿದ. ಆಮೇಲೆ ಬಲಗಡೆಯಿಂದ ಕೆಂಪು ದಾಸವಾಳವೊಂದು ಜಾರಿ, ಅಮ್ಮನ ಮಡಿಲಿಗೆ ಬಿತ್ತು. ಪೂಜಾರಪ್ಪ ಗಂಟೆ ಬಾರಿಸಿದ. ಅವ್ವನ ಕಣ್ಣಲ್ಲಿ ನೀರು. ಮಾವನ ಕಣ್ಣಲ್ಲೂ ನೀರು. ಇಬ್ಬರೂ ಒಟ್ಟಿಗೆ ಅಡ್ಡಬಿದ್ದರು. ಕಂಬದ ಹತ್ತಿರ ನಾನೂ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಕೈ ಮುಗಿದೆ.

ಮಾವನೂ ನಮ್ಮ ಜೊತೆ ಅರಸೀಕೆರೆಗೆ ಹೊರಟ. ಕಾರಿನಲ್ಲಿ ಅವ್ವ ಮತ್ತು ಮಾವನ ವಾತ್ಸಲ್ಯ ನೋಡುವಂತಿತ್ತು. ಅವ್ವ ಪ್ರಸಾದದ ಬಾಳೆಹಣ್ಣನ್ನು ಸುಲಿದು ಹಿಂದಕ್ಕೆ ಮಾವನ ಕೈಗೆ ಕೊಟ್ಟಳು.

“ನಂಗೊತ್ತಿತ್ತು ಕಣಕ್ಕ, ಅಮ್ಮ ಕೈ ಬಿಡಲ್ಲ ಅಂತ” ಎಂದ ಮಾವ.

“ನಂಗೂ ಗೊತ್ತಿತ್ತು ಕಣ್ಲಾ. ಇನ್ನ ಆ ಮೇಷ್ಟ್ರಿಗೆ ಹೇಳಿಕಳಿಸಾದೊಂದು ಬಾಕಿ.”

“ಇವತ್ತೇ ಹೇಳಾನ. ಒಳ್ಳೆ ದಿನ ನೋಡ್ಕಳ್ಳಿ ಅಂತ.”

“ದಿನ ಯಾಕ್ಲಾ? ಬ್ಯಾಡ ಅನ್ನಾಕೂ ದಿನ ನೋಡಬೇಕಾ?”

ನಾನು ಕಾರನ್ನು ಒಂದು ತೆಂಗಿನ ತೋಟದ ಪಕ್ಕ ನಿಲ್ಲಿಸಬೇಕಾಯಿತು. ವಿಷಯ ಇಷ್ಟು: ಮಾವ ಎಲ್ಲರಂತೆ, ಮದುವೆ ಆಗಲಿ ಅನ್ನುವುದಾದರೆ ಬಲಗಡೆ ಕೊಡು ಎಂದು ಕೇಳಿದ್ದ. ಅವ್ವ, ಮದುವೆ ಬೇಡ ಅನ್ನುವುದಾದರೆ ಬಲಗಡೆ ಕೊಡು ಎಂದು ಕೇಳಿದ್ದಳು. ಅಮ್ಮ ಒಂದೇ ಹೂವಿನಲ್ಲಿ ಇಬ್ಬರಿಗೂ ಅಪ್ಪಣೆ ಕೊಟ್ಟಿದ್ದಳು.

“ಬ್ಯಾಡ ಅಂತ ಬಲಗಡೆ ಯಾರಾರ ಕೇಳ್ತಾರೇನಕ್ಕ? ಬ್ಯಾಡದ್ಕೆ ಎಡಗಡೆ ಐತಲ್ಲ!”

“ನಾನು ಹಂಗೇ ಕೇಳಾದು. ನಂಗೆ ಬೇಕಾದ್ದು ಬಲಗಡೆ. ಅಮ್ಮಂಗೆ ಅರ್ಥ ಆಯ್ತದೆ, ನಿಂಗಾಗ್ದಿದ್ರೆ ಬಿಡು.”

ಮಾವ ಪೂಜಾರಪ್ಪನಿಗೆ ಫೋನು ಮಾಡಿ ಇನ್ನೊಂದು ಸಲ ಕೇಳಿಸೋಣ ಎಂದ. ಒಂದು ಮಾತಿಗೆ ಒಂದೇ ಹೂ, ಅಮ್ಮನೇನು ನಿಮ್ಮ ಮನೆ ಆಳಾ ಎಂದು ಅವನು ಬೈದು ಇಟ್ಟ. ಆಗ ಇಬ್ಬರೂ ನನ್ನ ಕಡೆ ತಿರುಗಿದರು. ತರ್ಕ ಓದಿದವನು ನೀನೇ ಹೇಳು, ಅಮ್ಮ ಯಾರಿಗೆ ಉತ್ತರ ಕೊಟ್ಟಿದ್ದು? ಒಂದು ಉತ್ತರ, ಎರಡು ವಿರುದ್ಧ ಪ್ರಶ್ನೆ, ಎರಡೂ ಪ್ರಾಮಾಣಿಕ. ನಾನು ಓದಿದ ಶಾಸ್ತ್ರದಲ್ಲಿ ಇದಕ್ಕೆ ಹೆಸರಿಲ್ಲ. ದಿಕ್ಕು ತೋಚದೆ ಫೋನು ತೆಗೆದು, ನಡೆದದ್ದನ್ನೆಲ್ಲ ಬರೆದು, ‘ದಯವಿಟ್ಟು ತಾವೇ ಪರಿಹಾರ ಸೂಚಿಸಬೇಕು’ ಎಂದು ಬೇಡಿಕೊಂಡೆ. ಯಂತ್ರ ಕ್ಷಣಮಾತ್ರದಲ್ಲಿ ಉದ್ದನೆಯ ಉತ್ತರ ಕೊಟ್ಟಿತು. ನಂಬಿಕೆ ಅಮೂಲ್ಯವಾದದ್ದು, ಇಬ್ಬರು ಹಿರಿಯರೂ ಪ್ರೀತಿಯಿಂದಲೇ ಕೇಳಿದ್ದಾರೆ, ಇಬ್ಬರ ದೃಷ್ಟಿಯಲ್ಲೂ ಸತ್ಯವಿದೆ. ಕಾರಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಓದಿದೆ.

“ಇದು ಯಾರ್ ಕಡೆ?” ಎಂದಳು ಅವ್ವ.

“ಇಬ್ಬರ ಕಡೆನೂ ಅವ್ವ.”

“ಹಂಗಾದ್ರೆ ಮುಚ್ಚಿಡು.”

ಇಷ್ಟೆಲ್ಲ ಆಗುವಾಗ ಯಾರ ಮದುವೆಯೋ ಅವಳನ್ನು ನಾವು ಮರೆತೇಬಿಟ್ಟಿದ್ದೆವು. ಅಕ್ಕ ಕಿಟಕಿಯ ಪಕ್ಕ ಕೂತು ಕಾಯಿಚೂರು ತಿನ್ನುತ್ತಿದ್ದಳು, ಮುಖದಲ್ಲಿ ಗಾಬರಿಯೇ ಇಲ್ಲ. ನಾನು ಕನ್ನಡಿಯಲ್ಲಿ ಅವಳನ್ನು ನೋಡಿ, “ನೀನೂ ಕಣ್ಣು ಮುಚ್ಚಿ ನಿಂತಿದ್ದೆಯಲ್ಲಕ್ಕ. ನೀನೇನು ಕೇಳ್ದೆ?” ಎಂದೆ.

“ನಾನೇನೂ ಕೇಳ್ಲಿಲ್ಲ ಕಣೋ.”

“ಮತ್ತೆ?”

“ಹೇಳ್ದೆ. ಮದುವೆ ಆಗ್ತಾ ಇದೀನಿ ಕಣವ್ವ, ಮೊದಲ ಕರೆ ನಿಂಗೇ, ತಪ್ಪದೆ ಬರಬೇಕು ಅಂತ ಕರೆದೆ.” ಅವಳು ಬೆರಳು ಒರೆಸಿಕೊಂಡಳು. “ಬಲಗಡೆ ಹೂ ಕೊಟ್ಟಳಲ್ಲ. ಬರ್ತಾಳೆ.”

ಮದುವೆಯ ಮೊದಲ ಕರೆ ದೇವರಿಗೆ ಹೋಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ದೇವರನ್ನು ಕರೆದ ಮೇಲೆ ಮದುವೆ ನಿಲ್ಲಿಸಿದವರನ್ನು ನಾನಂತೂ ಕಂಡಿಲ್ಲ. ಮಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನೋಡುತ್ತಿದ್ದ, ಹೆಗಲು ಕುಲುಕುತ್ತಿತ್ತು. ನನಗೆ ಅಕ್ಕನ ಮೇಲೆ ಹೇಳಲಾಗದಷ್ಟು ಅಭಿಮಾನ ಬಂತು. ನಾವೆಲ್ಲ, ನಾನು, ಅವ್ವ, ಮಾವ, ನಾಗರತ್ನ, ನಮಗಿಂತ ಹೆಚ್ಚು ಬಲ್ಲವರನ್ನು ಹುಡುಕಿಕೊಂಡು ಹೋಗಿ ಅಪ್ಪಣೆ ಕೇಳಿದ್ದೆವು. ಅಕ್ಕ ಅಷ್ಟೇ ಭಕ್ತಿಯಿಂದ ಹೋಗಿ ಸುದ್ದಿ ತಿಳಿಸಿ ಬಂದಿದ್ದಳು. ಎಷ್ಟು ದೊಡ್ಡ ಬುದ್ಧಿಯಾದರೂ ಅಪ್ಪಣೆ ಕೇಳುವವರನ್ನಷ್ಟೇ ಆಳೀತು. ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡು, ಗೌರವದಿಂದ ಬಂದು ಊಟಕ್ಕೆ ಕರೆಯುವವರನ್ನು ಏನು ಮಾಡೀತು? ಬಂದು ಉಂಡು ಹೋಗಬೇಕಷ್ಟೆ. ಭಾಷಣದಲ್ಲಿ ಇನ್ನೇನೂ ಸೇರಿಸುವ ಅಗತ್ಯವಿಲ್ಲ ಎನ್ನಿಸಿ ಕಾರು ಶುರುಮಾಡಿದೆ.

ಅವ್ವ ಬಹಳ ದೂರದವರೆಗೆ ಮಡಿಲಲ್ಲಿದ್ದ ಪ್ರಸಾದದ ಹೂವನ್ನೇ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ಅದನ್ನು ಎತ್ತಿ ಹಿಂದಕ್ಕೆ ಕೈಚಾಚಿ ಅಕ್ಕನಿಗೆ ಕೊಟ್ಟಳು.

“ಮುಡ್ಕೊಳೆ” ಎಂದಳು. “ಅಮ್ಮನೇ ಬತ್ತೀನಿ ಅಂದ್ಮೇಲೆ ಹೆತ್ತವಳು ನಾನು ಬರದೇ ಇದ್ರೆ ಚೆನ್ನಾಗಿರ್ತದಾ?”